ಡೋಣಿ ದಂಡೆಯ ನಮ್ಮ ಎರೆ ಹೊಲ: ಈ ಮಣ್ಣಿಗೆ ಸರಿಯಾದ ಹೆಸರು ಯಾವುದು?

ಎರೆಹೊಲ, ವಿಜಯಪುರ (2 ಮಾರ್ಚ್ 2025)

ಎಲ್ಲರಿಗೂ ನಮಸ್ಕಾರ. ಡೋಣಿ ಹೊಳೆಯ ದಂಡೆಗೆ ನಮ್ಮದು ನಾಲ್ಕೆಕರೆ ಹೊಲ. "ಡೋಣಿ ಬೆಳೆದರೆ ಓಣೆಲ್ಲ ಕಾಳು" ಎನ್ನುತ್ತಾರಲ್ಲ, ಆ ಸೀಮೆ. ಮುಂಗಾರಿಗೆ ಹೊಲ ಖಾಲಿ, ಹಿಂಗಾರಿಗೆ ಬಿಳಿಜೋಳ ಇಲ್ಲವೇ ಕಡಲೆ. ಅಜ್ಜನ ಕಾಲದಿಂದ ಹೀಗೇ ನಡೆದಿದೆ. ಈಗ ಮುಳವಾಡ ಏತ ನೀರಾವರಿಯ ನೀರು ನಮ್ಮ ಕಡೆಗೂ ಬರಬಹುದು ಎಂಬ ಮಾತಿದೆ. ನೀರು ಬರುವ ಮೊದಲು ಮಣ್ಣು ಎಂಥದ್ದು ಅಂತ ಗಟ್ಟಿಯಾಗಿ ತಿಳಿದುಕೊಳ್ಳಬೇಕು ಅನ್ನಿಸಿತು.

ಮಣ್ಣು ಆರೋಗ್ಯ ಕಾರ್ಡ್ ಇದೆ. ಪಿಎಚ್ 8.6, ಸಾವಯವ ಇಂಗಾಲ 0.5%. ಆದರೆ ಅದು ಮೇಲಿನ ಒಂದು ಗೇಣು ಮಣ್ಣಿನ ಮಾತು. ಅದಕ್ಕೇ ಕಳೆದ ತಿಂಗಳು ತಮ್ಮನ ಜೊತೆ ಸೇರಿ ಹೊಲದ ತಗ್ಗಿನ ಕಡೆ ಒಂದೂವರೆ ಮೀಟರ್ ಆಳದ ಗುಂಡಿ ತೋಡಿದೆವು. ಎರಡು ದಿನ ಹಿಡಿಯಿತು. ಕಂಡದ್ದನ್ನು ಹಾಗೇ ಬರೆಯುತ್ತೇನೆ.

ಮೇಲಿನ 20 ಸೆಂಟಿಮೀಟರ್ ಪುಡಿಪುಡಿ, ರಾಗಿ ಕಾಳಿನಷ್ಟು ಸಣ್ಣ ಹರಳು ಹರಳು. ಕೈಯಲ್ಲಿ ಹಿಡಿದರೆ ಸುರಿಯುತ್ತದೆ. 20ರಿಂದ 55ರವರೆಗೆ ಹೆಂಟೆ ಗಟ್ಟಿ, ಸಲಾಕೆಯನ್ನೇ ಹಾಕಬೇಕಾಯಿತು. 55ರ ಕೆಳಗೆ ಮಣ್ಣು ಬೇರೆಯೇ ಥರ. ಹೆಂಟೆ ಒಡೆದರೆ ಓರೆಯಾಗಿ ಸೀಳುತ್ತದೆ, ಸೀಳಿದ ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಅದರ ಮೇಲೆ ಸಣ್ಣ ಸಣ್ಣ ಗೀರುಗಳು, ಗೌಂಡಿ ಹಸಿ ಸಿಮೆಂಟಿನ ಮೇಲೆ ಕರಣೆ ಎಳೆದಂತೆ, ಎಲ್ಲವೂ ಒಂದೇ ದಿಕ್ಕಿಗೆ. ಸುಮಾರು 95ರ ಕೆಳಗೆ ಇದರ ಜೊತೆ ಬಿಳಿ ಸುಣ್ಣದ ಹರಳು ಸಿಗತೊಡಗಿದವು, ಕಡಲೆಯಷ್ಟು ದಪ್ಪ. 140ಕ್ಕೆ ಗರಸು (ಪುಡಿಯಾದ ಕಲ್ಲುಮಣ್ಣು) ಹತ್ತಿತು.

ಬಣ್ಣವನ್ನು ಮನ್ಸೆಲ್ ಪುಸ್ತಕ (ಮಣ್ಣಿನ ಬಣ್ಣ ಹೋಲಿಸುವ ಪಟ್ಟಿ) ಇಟ್ಟು ನೋಡಿದೆವು. ಒಣಗಿದ್ದಾಗ 10 ವೈಆರ್ 3/1, ಅಂದರೆ ಕಡು ಬೂದು; ಒದ್ದೆ ಮಾಡಿದರೆ 10 ವೈಆರ್ 2/1, ಅಂದರೆ ಕಪ್ಪು. ಪದರ ಪದರಕ್ಕೆ ಬೇರೆ ಚೀಲ ಮಾಡಿ ಪರೀಕ್ಷೆಗೆ ಕೊಟ್ಟೆ. ಮೊದಲು ಕೊಟ್ಟ ಕಡೆ ಎಲ್ಲ ಚೀಲಗಳನ್ನೂ ಸೇರಿಸಿ ಒಂದೇ ಮಾದರಿ ಮಾಡಿಬಿಟ್ಟಿದ್ದರು. ಮತ್ತೆ ಗುಂಡಿಗಿಳಿದು ಮಣ್ಣು ತೆಗೆದು ಬೇರೆ ಕಡೆ ಕೊಡಬೇಕಾಯಿತು. ಈಗ ಬಂದ ಲೆಕ್ಕ ಹೀಗಿದೆ: ಜೇಡಿ ಮೇಲೆ 58%, ಕೆಳಗೆ 64%. ವಿನಿಮಯವಾಗುವ ಸೋಡಿಯಂ (ಜೇಡಿಯ ಕಣಕ್ಕೆ ಅಂಟಿದ್ದು) ಪಾಲು ಮೇಲಿನಿಂದ ಕೆಳಕ್ಕೆ 4%, 7%, 12%, 19%.

ವರ್ಷದ ಮಳೆ 600 ಮಿ.ಮೀ. ಆಸುಪಾಸು, ಏಪ್ರಿಲ್‌, ಮೇನಲ್ಲಿ 40 ಡಿಗ್ರಿ ಬಿಸಿಲು. ಒಣ ಸೀಮೆ, ಕಪ್ಪು ಮಣ್ಣು. ಇಷ್ಟು ಸಾಕಲ್ವಾ? ಇದಕ್ಕೆ ಸರಿಯಾದ ಹೆಸರು ಹೇಳಿ.

ಬೈಲಹೊಂಗಲ ರೈತ

ಇಷ್ಟು ಕಪ್ಪಗಿದೆ, ಆದರೂ ಇಂಗಾಲ ಬರೀ 0.5%? ಕಪ್ಪು ಅಂದರೆ ಗೊಬ್ಬರದ ಸತ್ವ ಜಾಸ್ತಿ ಅಂತಲ್ವಾ? ಕಾರ್ಡಿನಲ್ಲಿ ತಪ್ಪಿರಬಹುದು.

ಗುಂಡಿ ಇಳಿದವ

ತಪ್ಪಿಲ್ಲ. ನಮ್ಮ ಎರೆಯ ಕಪ್ಪು ಸಾವಯವದ ಲೆಕ್ಕದಿಂದ ಬಂದದ್ದಲ್ಲ. ಇರುವ ಸ್ವಲ್ಪ ಸಾವಯವವೇ ಜೇಡಿಯ ಕಣಕ್ಕೆ ಬಿಗಿಯಾಗಿ ಅಂಟಿಕೊಂಡು ಇಡೀ ಮಣ್ಣಿಗೆ ಬಣ್ಣ ಕೊಡುತ್ತದೆ. ಕಪ್ಪಗಿದೆ ಅಂತ ಗೊಬ್ಬರ ಕಡಿಮೆ ಮಾಡಬೇಡಿ.

ಎರೆಹೊಲ ಅವರೇ, ಮಣ್ಣು ಸಮೀಕ್ಷೆಯ ತಂಡದಲ್ಲಿ ಬಹಳ ವರ್ಷ ಗುಂಡಿ ಇಳಿದವನು ನಾನು. ನಿಮ್ಮ ಬರಹ ಓದಿ ಖುಷಿಯಾಯಿತು. ಕರಣೆ ಎಳೆದಂಥ ಆ ಹೊಳಪಿಗೆ ನಾವು ಸ್ಲಿಕೆನ್‌ಸೈಡ್ ಎನ್ನುತ್ತೇವೆ. ನೀರು ಕುಡಿದಾಗ ಈ ಜೇಡಿ ಉಬ್ಬುತ್ತದೆ. ಸುತ್ತ ಜಾಗವಿಲ್ಲ, ಮೇಲೆ ಭಾರವಿದೆ. ಆಗ ಒಂದು ಹೆಂಟೆ ಇನ್ನೊಂದರ ಮೇಲೆ ಓರೆಯಾಗಿ ಜಾರುತ್ತದೆ. ಉಜ್ಜಿ ಉಜ್ಜಿ ಮೈ ನುಣುಪಾಗುತ್ತದೆ. ಬಸಾಲ್ಟ್ ಕಲ್ಲು ಕರಗಿ ಆದ ಸ್ಮೆಕ್ಟೈಟ್ ಜೇಡಿಯ ಗುಣ ಅದು.

ಅಮೆರಿಕದ ಮಣ್ಣು ವರ್ಗೀಕರಣದಲ್ಲಿ 12 ದೊಡ್ಡ ಗಣಗಳಿವೆ. ನಮ್ಮ ದೇಶದ ಸಮೀಕ್ಷೆಯವರೂ ಅದನ್ನೇ ಬಳಸುತ್ತಾರೆ. ಅದರಲ್ಲಿ ವರ್ಟಿಸಾಲ್ (ಉಬ್ಬಿ ಬಿರುಕು ಬಿಡುವ ಜೇಡಿ ಮಣ್ಣಿನ ಗಣ) ಅನ್ನಿಸಿಕೊಳ್ಳಲು ಮುಖ್ಯವಾಗಿ ಮೂರು ಗುಣ ಬೇಕು. ಮೇಲಿನ ಅರ್ಧ ಮೀಟರಿನಲ್ಲಿ ಜೇಡಿ 30% ಅಥವಾ ಜಾಸ್ತಿ, ಒಂದು ಮೀಟರಿನೊಳಗೆ ಶುರುವಾಗುವ, ಕನಿಷ್ಠ 25 ಸೆಂ.ಮೀ. ದಪ್ಪದ ಸ್ಲಿಕೆನ್‌ಸೈಡ್ ಪದರ, ಮತ್ತು ಕಾಲಕಾಲಕ್ಕೆ ಬಾಯಿ ಬಿಟ್ಟು ಮುಚ್ಚುವ ಬಿರುಕು. ನಿಮ್ಮದು ಮೊದಲ ಎರಡಕ್ಕೆ ಪಾಸು, ಇಂಥ ಎರೆ ಬಿರುಕು ಬಿಡುವುದಂತೂ ಗೊತ್ತೇ ಇದೆ. ಗಣದ ಬಗ್ಗೆ ಅನುಮಾನವೇ ಇಲ್ಲ.

ಆದರೆ "ಇಷ್ಟು ಸಾಕಲ್ವಾ" ಅಂದಿರಲ್ಲ, ಸಾಲದು. ನೀವು ಬಿರುಕಿನ ವಿಷಯ ಬರೆದೇ ಇಲ್ಲ. ವರ್ಟಿಸಾಲ್‌ನಲ್ಲಿ ಗಣದಿಂದ ಕೆಳಗಿನ ಹೆಸರು ನಿಲ್ಲುವುದೇ ಬಿರುಕು ವರ್ಷಕ್ಕೆ ಎಷ್ಟು ದಿನ ತೆರೆದಿರುತ್ತದೆ ಎಂಬುದರ ಮೇಲೆ.

ಕೃಷಿ ವಿದ್ಯಾರ್ಥಿ

ಸರ್, ಗುಂಡಿ ತೋಡದೆಯೂ ನೋಡಬಹುದಲ್ಲ? ಜಗತ್ತಿನ ಮಣ್ಣಿನ ಅಂತರ್ಜಾಲ ನಕ್ಷೆ ಸಾಯಿಲ್‌ಗ್ರಿಡ್ಸ್‌ನಲ್ಲಿ ಅವರ ಜಾಗದ ಮೇಲೆ ಒತ್ತಿದರೆ ವರ್ಟಿಸಾಲ್ ಅಂತಲೇ ಬರುತ್ತದೆ. ನಾನು ಡೋಣಿ ಸೀಮೆಯ ನಾಲ್ಕೈದು ಕಡೆ ಒತ್ತಿ ನೋಡಿದೆ.

ಗುಂಡಿ ಇಳಿದವ

ನೋಡಿದ್ದು ಒಳ್ಳೆಯದೇ. ಆದರೆ ಅದರ ಒಂದು ಚೌಕ 250 ಮೀಟರ್ ಉದ್ದ, 250 ಮೀಟರ್ ಅಗಲ. ಅಂದರೆ ಹದಿನೈದು ಎಕರೆಗೂ ಜಾಸ್ತಿ. ಇವರ ಹೊಲ ನಾಲ್ಕೆಕರೆ. ಇಂಥ ಮೂರು ಹೊಲ ಒಂದು ಚೌಕದೊಳಗೆ ಕೂರುತ್ತವೆ. ಅದೂ ಅಳೆದದ್ದಲ್ಲ, ಬೇರೆ ಕಡೆ ತೋಡಿದ ಗುಂಡಿಗಳಿಂದ ಕಂಪ್ಯೂಟರ್ ಊಹಿಸಿದ್ದು.

ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯವರ ರಾಜ್ಯ ನಕ್ಷೆ 1:2,50,000 ಅಳತೆಯದು. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಎರಡೂವರೆ ಕಿಲೋಮೀಟರ್. ಹೊಲದ ಮಟ್ಟಕ್ಕೆ ಬೇಕಾದದ್ದು ಗ್ರಾಮ ನಕ್ಷೆಯ 1:7,920 ಅಳತೆ. ಸುಜಲಾ-3 ಜಲಾನಯನ ಯೋಜನೆಯಲ್ಲಿ ಆ ಅಳತೆಯಲ್ಲೇ ಸರ್ವೆ ನಂಬರ್ ಮೇಲೆ ಮಣ್ಣು ಗುರುತಿಸಿದ್ದಾರೆ. ವಿಜಯಪುರವೂ ಆ 11 ಜಿಲ್ಲೆಗಳಲ್ಲಿ ಒಂದು. ನಿಮ್ಮ ಕಿರು ಜಲಾನಯನಕ್ಕೆ ವರದಿ ಇದೆಯಾ ಕೇಳಿ ನೋಡಿ.

ಇನ್ನೊಂದು ಮಾತು. ಹೊಲದ ದಿಬ್ಬದ ಕಡೆ ನೋಡಿದ್ದೀರಾ?

ಎರೆಹೊಲ, ವಿಜಯಪುರ

ನೀವು ಕೇಳಿದ ಮೇಲೆ ನಿನ್ನೆ ಹೋಗಿ ಮೇಲಿನ ಬದುವಿನ ಹತ್ತಿರ ತೋಡಿದೆವು. 45 ಸೆಂಟಿಮೀಟರಿಗೇ ಗರಸು. ಹೊಳಪಿನ ಹೆಂಟೆ ಒಂದೂ ಸಿಗಲಿಲ್ಲ. ಬಣ್ಣವೂ ಸ್ವಲ್ಪ ಕಂದು. ಅಪ್ಪ ಆ ಪಟ್ಟಿಗೆ "ಮಡ್ಡಿ ತುಂಡು" ಅಂತಲೇ ಕರೆಯುತ್ತಿದ್ದರು. ಜೋಳ ಅಲ್ಲಿ ಬೇಗ ಬಾಡುತ್ತದೆ.

ಗುಂಡಿ ಇಳಿದವ

ನೋಡಿ, ನಿಮ್ಮ ತಂದೆಯವರೇ ಗೆರೆ ಎಳೆದಿದ್ದಾರೆ! ಆ ತುಂಡು ವರ್ಟಿಸಾಲ್ ಅಲ್ಲ. ಬಹುತೇಕ ಇನ್ಸೆಪ್ಟಿಸಾಲ್ (ಇನ್ನೂ ಪೂರ್ತಿ ಬಲಿಯದ ಮಣ್ಣಿನ ಗಣ) ಕಡೆ ಬರುತ್ತದೆ. ಒಂದೇ ಸರ್ವೆ ನಂಬರಿನಲ್ಲಿ ಎರಡು ಮಣ್ಣು. ಸಮೀಕ್ಷೆಗೆ ಹೋದಾಗ ನಾವು ಮೊದಲು ಕೇಳುತ್ತಿದ್ದದ್ದು ಇದನ್ನೇ: ಯಾವ ಪಟ್ಟಿಗೆ ಎರೆ ಅಂತೀರಿ, ಯಾವುದಕ್ಕೆ ಮಡ್ಡಿ, ಯಾವುದಕ್ಕೆ ಮಸಾರಿ (ಕೆಂಪು ಮಣ್ಣು), ಎಲ್ಲಿ ಸವಳು (ಉಪ್ಪು ನೆಲ). ಹೊಲದವರು ತೋರಿಸಿದ ಕಡೆ ಗುಂಡಿ ತೋಡಿದರೆ ಅರ್ಧ ಕೆಲಸ ಮುಗಿದಂತೆ.

ಈಗ ಬಿರುಕಿಗೆ ಬನ್ನಿ. ನೆನಪಿನಿಂದಾದರೂ ಹೇಳಿ, ಯಾವಾಗ ಬಿಡುತ್ತದೆ, ಯಾವಾಗ ಮುಚ್ಚುತ್ತದೆ?

ಎರೆಹೊಲ, ವಿಜಯಪುರ

ನೆನಪಿನಿಂದಲ್ಲ, ಬರೆದಿಟ್ಟಿದ್ದೇನೆ! ಇದು ಇಷ್ಟು ಮುಖ್ಯ ಅಂತ ಗೊತ್ತಿರಲಿಲ್ಲ. ಹೊಲದ ತಗ್ಗಿನಲ್ಲಿ ಹತ್ತು ಹೆಜ್ಜೆ ಅಗಲದ ಒಂದು ಜಾಗವನ್ನು ಬಿತ್ತದೆ, ಹರಗದೆ ಬಿಟ್ಟಿದ್ದೇನೆ. ಮಗಳ ಶಾಲೆಯ ಪ್ರಾಜೆಕ್ಟಿಗೆ ಅಂತ 2023ರ ಜೂನ್‌ನಿಂದ ಇಬ್ಬರೂ ಅಲ್ಲಿನ ಬಿರುಕು ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆವು. ಪೆನ್ಸಿಲ್ ಇಳಿದರೆ "ತೆರೆದಿದೆ". ಆಮೇಲೆ ಸೈಕಲ್ ಚಕ್ರದ ಕಡ್ಡಿ ಬಿಟ್ಟು ಆಳ ನೋಡುವುದು.

2023ರ ಜೂನ್ 1ರಿಂದ ಜುಲೈ 24ರವರೆಗೆ ತೆರೆದಿತ್ತು, 54 ದಿನ. ನಡುವೆ ಮುಚ್ಚಿತು. ಆಗಸ್ಟ್ 19ರಿಂದ ಸೆಪ್ಟೆಂಬರ್ 3ರವರೆಗೆ ಮತ್ತೆ 16 ದಿನ. ಆಮೇಲೆ ನವೆಂಬರ್ 28ಕ್ಕೆ ಬಾಯಿ ಬಿಟ್ಟದ್ದು 2024ರ ಮೇ ಕೊನೆಯವರೆಗೂ ಮುಚ್ಚಲೇ ಇಲ್ಲ, 186 ದಿನ. ಒಟ್ಟು 256 ದಿನ. ಆ ಸಲ ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಕಡ್ಡಿ ಪೂರ್ತಿ ಒಳಗೆ ಹೋಗಿ ಕೈ ತಪ್ಪಿ ಬಿತ್ತು. ಮತ್ತೆ ಸಿಗಲಿಲ್ಲ.

ಗುಂಡಿ ಇಳಿದವ

ಇದು ಚಿನ್ನದಂಥ ದಾಖಲೆ. ಮಗಳಿಗೆ ನನ್ನ ಶಾಬಾಸ್ ಹೇಳಿ. ಎಷ್ಟೋ ವರದಿಗಳಲ್ಲಿ ಬಿರುಕಿನ ದಿನಗಳನ್ನು ಮಳೆ ಸರಾಸರಿಯಿಂದ ಅಂದಾಜು ಮಾಡಿರುತ್ತಾರೆ. ಕಣ್ಣಾರೆ ಎಣಿಸಿದವರು ಕಡಿಮೆ. ಬಿತ್ತದ, ಹರಗದ ಜಾಗ ಇಟ್ಟದ್ದಂತೂ ಬಹಳ ಒಳ್ಳೆಯದಾಯಿತು. ಎಡೆಕುಂಟೆ ಹೊಡೆದ ಸಾಲಿನಲ್ಲಿ ಬಿರುಕಿನ ಬಾಯಿ ಮುಚ್ಚಿರುತ್ತದೆ, ಅಲ್ಲಿ ಎಣಿಸಿದರೆ ಮೋಸ ಹೋಗುತ್ತೀರಿ.

ಲೆಕ್ಕ ಹೀಗೆ. ಬಿರುಕು ಒಟ್ಟು 90 ದಿನಕ್ಕೆ ಕಡಿಮೆಯಿಲ್ಲದಂತೆ ತೆರೆದಿದ್ದರೆ ಅಸ್ಟರ್ಟ್ ಎಂಬ ಉಪಗಣ. ಸತತ 60 ದಿನವೂ ಮುಚ್ಚಿರದಿದ್ದರೆ ಮರುಭೂಮಿ ಕಡೆಯ ಟೊರರ್ಟ್. ನಿಮ್ಮದು ಸೆಪ್ಟೆಂಬರ್ 4ರಿಂದ ನವೆಂಬರ್ 27ರವರೆಗೆ ಮುಚ್ಚೇ ಇತ್ತು, ಹಾಗಾಗಿ ಅಸ್ಟರ್ಟ್. ಸುಣ್ಣದ ಹರಳು ಕಂಡಿತು ಅಂತ ಕ್ಯಾಲ್ಸಿಅಸ್ಟರ್ಟ್ ಆಗುವುದಿಲ್ಲ. ಅದಕ್ಕೆ ಒಂದು ಮೀಟರಿನೊಳಗೆ ಸುಣ್ಣ ಕೂಡಿಕೊಂಡ ಬೇರೆಯೇ ದಪ್ಪ ಪದರ ಬೇಕು, ನಿಮ್ಮ ಹರಳು 95ರ ಕೆಳಗೆ ಚದುರಿಕೊಂಡಿದೆ. ಜಿಪ್ಸಂ, ಉಪ್ಪಿನ ಪದರವೂ ಇಲ್ಲ. ಉಳಿದದ್ದು ಹ್ಯಾಪ್ಲಸ್ಟರ್ಟ್, ಅಂದರೆ ಅಂಥ ವಿಶೇಷ ಪದರವಿಲ್ಲದ ಅಸ್ಟರ್ಟ್.

ಇನ್ನು ಉಪಗುಂಪು. 5 ಮಿ.ಮೀ. ಅಗಲದ ಬಿರುಕು, ಮೇಲಿನ ಅರ್ಧ ಮೀಟರಿನಲ್ಲಿ ಕನಿಷ್ಠ 25 ಸೆಂ.ಮೀ. ಆಳಕ್ಕೆ ಹೋಗಿದ್ದು, ವರ್ಷಕ್ಕೆ 210 ದಿನ ಅಥವಾ ಜಾಸ್ತಿ ತೆರೆದಿದ್ದರೆ ಅರಿಡಿಕ್ (ಒಣ ಕಡೆಯದು). 150 ದಿನಕ್ಕಿಂತ ಕಡಿಮೆಯಿದ್ದರೆ ಯುಡಿಕ್ (ಹಸಿ ಕಡೆಯದು). ನಡುವೆ ಬಿದ್ದರೆ, ಬೇರೆ ದೋಷ ಇಲ್ಲದಿದ್ದರೆ, ಟಿಪಿಕ್ (ಸಾಮಾನ್ಯ). 256 ಅಂದರೆ ಅರಿಡಿಕ್ ಹ್ಯಾಪ್ಲಸ್ಟರ್ಟ್.

ಆದರೆ ಅದಕ್ಕೂ ಮೊದಲು ನೋಡಬೇಕಾದದ್ದು ಸೋಡಿಯಂ. ವರ್ಗೀಕರಣದ ಕೀಲಿಯಲ್ಲಿ (ಮೇಲಿನಿಂದ ಕೆಳಕ್ಕೆ ಓದುವ ಪಟ್ಟಿ) ಸೋಡಿಕ್ ಮೇಲಿದೆ, ಅರಿಡಿಕ್ ಕೆಳಗಿದೆ. ಮೊದಲು ಹೊಂದಿದ್ದೇ ಹೆಸರು. ಮೀಟರಿನೊಳಗೆ ಸೋಡಿಯಂ ಪಾಲು 15% ಮುಟ್ಟಿದರೆ ಬಿರುಕು ಎಷ್ಟು ದಿನವಿದ್ದರೂ ಸೋಡಿಕ್ ಹ್ಯಾಪ್ಲಸ್ಟರ್ಟ್. ನಿಮ್ಮ 19% ಇರುವ ಪದರ 95ಕ್ಕೆ ಶುರು ಅಂತೀರಿ. ಗುಂಡಿಯ ನಾಲ್ಕೂ ಗೋಡೆಯಲ್ಲಿ 95ಕ್ಕೇ ಇದೆಯಾ?

ಎರೆಹೊಲ, ವಿಜಯಪುರ

ಇಲ್ಲ. ಒಂದು ಗೋಡೆಯಲ್ಲಿ 95, ಉಳಿದ ಮೂರರಲ್ಲಿ 105, 110ರ ಹತ್ತಿರ. ಗೆರೆ ಡೊಂಕಾಗಿದೆ.

ಗುಂಡಿ ಇಳಿದವ

ವರ್ಟಿಸಾಲ್‌ನಲ್ಲಿ ಗೆರೆ ಡೊಂಕೇ ಇರುತ್ತದೆ, ಮಣ್ಣು ಒಳಗೊಳಗೇ ಹೊರಳುತ್ತದಲ್ಲ. ನಾಲ್ಕೂ ಗೋಡೆಯಿಂದ 85ರಿಂದ 100ರ ನಡುವಿನ ಮಣ್ಣನ್ನು ಬೇರೆ ತೆಗೆದು ಕೊಡಿ. ನಾಲ್ಕು ಚೀಲ, ನಾಲ್ಕು ಚೀಟಿ. ಸೋಡಿಯಂ ಜೊತೆ ಒಟ್ಟು ವಿನಿಮಯ ಸಾಮರ್ಥ್ಯವನ್ನೂ ಅಳೆಯಲು ಹೇಳಿ. ಸೋಡಿಯಂ ಲೆಕ್ಕವನ್ನು ಆ ಸಾಮರ್ಥ್ಯದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಪಾಲು ಬರುತ್ತದೆ. ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ಇದು ಇಲ್ಲ.

ಮಳೆಲೆಕ್ಕ, ಬಾಗಲಕೋಟೆ

ತಡವಾಗಿ ಬಂದೆ, ಆದರೆ ಒಂದು ತಕರಾರಿದೆ. 256 ದಿನವನ್ನು ಹಾಗೇ ಒಪ್ಪಬೇಡಿ.

2023 ಎಂಥ ವರ್ಷ ಅಂತ ಎಲ್ಲರಿಗೂ ನೆನಪಿದೆ. ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ ವರ್ಷ. ದೇಶಕ್ಕೆ ಆ ಆಗಸ್ಟ್ 1901ರಿಂದ ಈಚೆಗೆ ಅತಿ ಒಣ ಆಗಸ್ಟ್. ನಿಮ್ಮ 16 ದಿನದ ಆಗಸ್ಟ್ ಬಿರುಕು ಅದರ ಗುರುತೇ. ವರ್ಗೀಕರಣದ ನಿಯಮ ಹೇಳುವುದು "ಸಾಧಾರಣ ವರ್ಷಗಳಲ್ಲಿ" ಅಂತ. ಸಾಧಾರಣ ಅಂದರೆ ಬಾಯಿಮಾತಲ್ಲ, ಅದಕ್ಕೂ ಲೆಕ್ಕ ಇದೆ. 30 ವರ್ಷ ಅಥವಾ ಜಾಸ್ತಿ ಕಾಲದ ಮಳೆ ತಗೊಳ್ಳಿ. ಸರಾಸರಿ ತೆಗೆಯಿರಿ. ವರ್ಷಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗುತ್ತವೆ ಅಂತ ಪ್ರಮಾಣಿತ ವಿಚಲನೆ ತೆಗೆಯಿರಿ. ನಿಮ್ಮ ವರ್ಷದ ಮಳೆ ಅಷ್ಟರೊಳಗೆ ಇರಬೇಕು. ಜೊತೆಗೆ 12ರಲ್ಲಿ ಕನಿಷ್ಠ 8 ತಿಂಗಳೂ ತಮ್ಮ ತಮ್ಮ ಮಿತಿಯೊಳಗೆ ಇರಬೇಕು. ಎರಡೂ ಹೊಂದಿದ ವರ್ಷದಲ್ಲಿ ಎಣಿಸಿದ ಬಿರುಕಿಗೆ ಮಾತ್ರ ಬೆಲೆ.

ನಮ್ಮ ಸೀಮೆಗೆ ಈ ತಿಂಗಳ ನಿಯಮ ಬಹಳ ಮುಖ್ಯ. ವಿಜಯಪುರದಲ್ಲಿ ಅತಿ ಹೆಚ್ಚು ಮಳೆ ಸೆಪ್ಟೆಂಬರಿನದು. ಹುಬ್ಬಿ, ಉತ್ತರಿ ಮಳೆಯೇ ಹಿಂಗಾರಿಯ ಜೀವ. ವರ್ಷದ ಒಟ್ಟು ಮಳೆ ಸರಿಯಿದ್ದು ಉತ್ತರಿ ಕೈಕೊಟ್ಟರೆ ಬಿರುಕು ನವೆಂಬರಿಗೇ ಬಾಯಿ ಬಿಡುತ್ತದೆ. ಸರಾಸರಿ ನೋಡಿದವರಿಗೆ ಅದು ಗೊತ್ತೇ ಆಗುವುದಿಲ್ಲ. 30 ವರ್ಷಕ್ಕೆ ನಿಮ್ಮ ತಾಲೂಕಿನ ಹಳೆಯ ಮಳೆಮಾಪನದ ದಾಖಲೆ ಹಿಡಿಯಿರಿ. ಈಚಿನ ವರ್ಷಗಳಿಗೆ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದವರ ಗ್ರಾಮ ಪಂಚಾಯಿತಿ ಮಳೆಮಾಪಕ ಇದೆ. ಎರಡನ್ನೂ ಹೋಲಿಸಿ ನೋಡಿ, ಸುಮ್ನೆ ಬೆರೆಸಬೇಡಿ.

ಕೃಷಿ ವಿದ್ಯಾರ್ಥಿ

ತಾಪಮಾನದ ಬಗ್ಗೆ ಒಂದು ಪ್ರಶ್ನೆ. ವರದಿಗಳಲ್ಲಿ ನಮ್ಮ ಮಣ್ಣಿಗೆಲ್ಲ "ಐಸೊಹೈಪರ್‌ಥರ್ಮಿಕ್" ಅಂತ ಬರೆಯುತ್ತಾರೆ. ಅಂದರೆ ಬೇಸಿಗೆಗೂ ಚಳಿಗಾಲಕ್ಕೂ ಮಣ್ಣಿನ ಬಿಸಿಯಲ್ಲಿ 6 ಡಿಗ್ರಿಗಿಂತ ಕಡಿಮೆ ವ್ಯತ್ಯಾಸ. ವಿಜಯಪುರದ ಬೇಸಿಗೆ ಕಂಡವರು ಇದನ್ನು ಹೇಗೆ ಒಪ್ಪುವುದು?

ಮಳೆಲೆಕ್ಕ, ಬಾಗಲಕೋಟೆ

ಒಳ್ಳೆ ಪ್ರಶ್ನೆ. ನಾನೂ ಮೊದಲು ಇಲ್ಲೇ ಎಡವಿದ್ದೆ. ಆ ನಿಯಮದಲ್ಲಿ ಬೇಸಿಗೆ ಅಂದರೆ ಜೂನ್, ಜುಲೈ, ಆಗಸ್ಟ್. ಚಳಿಗಾಲ ಅಂದರೆ ಡಿಸೆಂಬರ್, ಜನವರಿ, ಫೆಬ್ರವರಿ. ನಮ್ಮಲ್ಲಿ ಜೂನ್ ಬರುವಷ್ಟರಲ್ಲಿ ಮೋಡ ಕವಿದು ನೆಲ ತಣ್ಣಗಾಗಿರುತ್ತದೆ. ನಮ್ಮ ನಿಜವಾದ ಬೇಸಿಗೆ ಮಾರ್ಚ್‌ನಿಂದ ಮೇ, ಅದು ಈ ಲೆಕ್ಕಕ್ಕೇ ಬರುವುದಿಲ್ಲ. ಅದೂ ಮೇಲ್ಮೈಯ ಬಿಸಿ ಅಲ್ಲ, 50 ಸೆಂಟಿಮೀಟರ್ ಆಳದ್ದು. ಹಾಗಾಗಿ ಹೆಸರು ಸರಿಯೇ. ಆದರೆ ಆ ಹೆಸರು ನೋಡಿ ಏಪ್ರಿಲ್‌ನಲ್ಲಿ ನಮ್ಮ ನೆಲ ಹೇಗೆ ಕಾದಿರುತ್ತದೆ ಅಂತ ಯಾರೂ ಊಹಿಸಲಾರರು.

ಬೈಲಹೊಂಗಲ ರೈತ

ಎಲ್ಲ ಓದಿದೆ. ಬೇಸರ ಮಾಡಿಕೊಳ್ಳಬೇಡಿ, ನೇರವಾಗಿ ಕೇಳುತ್ತೇನೆ. ಅರಿಡಿಕ್ ಆದರೇನು, ಟಿಪಿಕ್ ಆದರೇನು? ಬಿತ್ತುವುದು ಜೋಳವನ್ನೇ ಅಲ್ವಾ?

ಜಮಖಂಡಿ ಕಬ್ಬು

ನಾನು ಉತ್ತರ ಹೇಳುತ್ತೇನೆ, ಅನುಭವಿಸಿದವನು. ನಮ್ಮದು ಕೃಷ್ಣಾ ದಂಡೆಯ ಎರೆ. ನೀರು ಬಂತು, ಕಬ್ಬು ಹಚ್ಚಿದೆವು. ಮೊದಲ ಐದಾರು ವರ್ಷ ಎಕರೆಗೆ ಕಂಡಾಪಟ್ಟೆ ಇಳುವರಿ. ಆಮೇಲೆ ತಗ್ಗಿನ ಕಡೆ ಬೆಳಗಿನ ಹೊತ್ತು ನೆಲದ ಮೇಲೆ ಬಿಳಿ ಪೊರೆ. ಕಬ್ಬಿನ ಎಲೆ ತುದಿಯಿಂದ ಒಣಗುತ್ತಾ ಬಂತು. ನೀರು ಹಾಯಿಸಿದರೆ ಮೂರು ದಿನವಾದರೂ ಇಂಗುತ್ತಿರಲಿಲ್ಲ. ಸವಳು-ಜವಳು (ಉಪ್ಪು ಏರುವುದು, ನೀರು ನಿಲ್ಲುವುದು) ಎರಡೂ ಒಟ್ಟಿಗೆ. ಈಗ ಒಂದೂವರೆ ಎಕರೆಯಲ್ಲಿ ಏನೂ ಇಲ್ಲ. ನಾವು ಮೇಲಿನ ಮಣ್ಣು ಮಾತ್ರ ಪರೀಕ್ಷೆ ಮಾಡಿಸಿದ್ದೆವು. ಮೀಟರ್ ಕೆಳಗೆ ಸೋಡಿಯಂ ಎಷ್ಟಿದೆ ಅಂತ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಎರೆಹೊಲ ಅವರೇ, ನಿಮ್ಮ 19% ನೋಡಿ ನನಗೆ ಎದೆ ಝಲ್ ಅಂತು.

ಗುಂಡಿ ಇಳಿದವ

ಇವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಸೋಡಿಯಂ ಜಾಸ್ತಿಯಾದರೆ ಜೇಡಿಯ ಕಣಗಳು ಒಂದಕ್ಕೊಂದು ಹಿಡಿದುಕೊಳ್ಳದೆ ಬಿಡಿಬಿಡಿಯಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ನೀರಿನ ದಾರಿ ಕಟ್ಟುತ್ತದೆ. ಒಣ ಬೇಸಾಯದಲ್ಲಿ ಅದು ಕೆಳಗೆ ಸುಮ್ಮನೆ ಕೂತಿರುತ್ತದೆ. ಕಾಲುವೆ ನೀರು ಬಂದು ಅಂತರ್ಜಲ ಮೇಲೆದ್ದರೆ ಉಪ್ಪೂ ಸೋಡಿಯಂ ಕೂಡ ಅದರ ಜೊತೆ ಮೇಲೆ ಬರುತ್ತವೆ. ಡೋಣಿ ತಗ್ಗಿನಲ್ಲಂತೂ ನೀರು ಹೊರಗೆ ಹರಿದು ಹೋಗುವುದೇ ನಿಧಾನ. ಅಲ್ಲಿ ನೀರಾವರಿಗೆ ಮೊದಲು ಬಸಿಗಾಲುವೆ ಆಗಬೇಕು, ಆಮೇಲೆ ಜಿಪ್ಸಂ ಮಾತು.

ಅರಿಡಿಕ್ ಮತ್ತು ಟಿಪಿಕ್ ನಡುವಿನ ವ್ಯತ್ಯಾಸವೂ ಬಿತ್ತನೆಗೆ ಬರುತ್ತದೆ. ಇಂಥ ಆಳದ ಎರೆ ಒಂದು ಮೀಟರಿಗೆ ಸುಮಾರು 150ರಿಂದ 200 ಮಿ.ಮೀ. ನೀರನ್ನು ಬೆಳೆಗೆ ಸಿಗುವಂತೆ ಹಿಡಿದಿಡುತ್ತದೆ. ಹಿಂಗಾರಿ ಜೋಳ ಬದುಕುವುದೇ ಅದರ ಮೇಲೆ. ಬಿರುಕು ನವೆಂಬರಿಗೇ ಬಾಯಿ ಬಿಟ್ಟರೆ ಆಳದ ಹಸಿಯೂ ಅದರ ಗೋಡೆಗಳಿಂದ ಆರುತ್ತದೆ. ಅಂಥ ಹೊಲದಲ್ಲಿ ಒಂದು ಎಡೆಕುಂಟೆ ಹೆಚ್ಚಿಗೆ ಹೊಡೆದು ಬಾಯಿ ಮುಚ್ಚಬೇಕು. ವಿಜಯಪುರದ ಸಂಶೋಧನಾ ಕೇಂದ್ರದವರು ಹೇಳುವ, ಮಳೆ ನೀರು ತಡೆಯುವ ಚೌಕು ಮಡಿಯನ್ನು ಮುಂಗಾರಿನಲ್ಲೇ ಕಟ್ಟಬೇಕು.

ಎರೆಹೊಲ, ವಿಜಯಪುರ (19 ಏಪ್ರಿಲ್ 2025)

85ರಿಂದ 100 ಸೆಂ.ಮೀ. ಪದರದ ಫಲಿತಾಂಶ ಬಂತು. ಮೂರು ಗೋಡೆಯಲ್ಲಿ 12%, 13%, 13%. 95ಕ್ಕೆ ಪದರ ಬದಲಾಗುವ ಗೋಡೆಯಲ್ಲಿ 14%. ಒಟ್ಟು ವಿನಿಮಯ ಸಾಮರ್ಥ್ಯ 54. ನಾಲ್ಕೂ 15ರ ಕೆಳಗೇ ನಿಂತವು.

ಗುಂಡಿ ಇಳಿದವ

ಹಾಗಾದರೆ ಈ ಗುಂಡಿಗೆ ಸೋಡಿಕ್ ಹೆಸರು ಕೊಡುವಂತಿಲ್ಲ. ಆದರೆ ವರದಿಯಲ್ಲಿ ಹೆಸರಿನ ಪಕ್ಕ ಒಂದು ಸಾಲು ಬರೆದಿಡಿ: "ಮೀಟರ್ ಕೆಳಗೆ ಸೋಡಿಯಂ 19%." ಕೀಲಿ 100 ಸೆಂಟಿಮೀಟರಿಗೆ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಜಮಖಂಡಿಯವರು ಹೇಳಿದ್ದು ನಿಮ್ಮ ಹೊಲಕ್ಕೂ ಪೂರ್ತಿ ಅನ್ವಯ.

ಈಗ ಹೆಸರು ಬಿರುಕಿನ ಮೇಲೆ ನಿಂತಿದೆ. ಎರಡನೇ ವರ್ಷದ ಎಣಿಕೆ ಮುಗಿಯಲಿ.

ಎರೆಹೊಲ, ವಿಜಯಪುರ (8 ಜೂನ್ 2025)

ಎರಡನೇ ವರ್ಷ ಮುಗಿಯಿತು. 2024ರ ಜೂನ್ 1ರಿಂದ 12ರವರೆಗೆ 12 ದಿನ. ಆ ಮುಂಗಾರು ಚೆನ್ನಾಗಿತ್ತು, ನಡುವೆ ಒಮ್ಮೆಯೂ ಬಾಯಿ ಬಿಡಲಿಲ್ಲ. ಆಮೇಲೆ ಡಿಸೆಂಬರ್ 20ಕ್ಕೆ ಶುರುವಾಯಿತು. ಎಳ್ಳಮವಾಸ್ಯೆ ಡಿಸೆಂಬರ್ 30ಕ್ಕಿತ್ತು, ಆಗ ಪೆನ್ಸಿಲ್ ಕಷ್ಟಪಟ್ಟು ಇಳಿಯಿತು. ಈ ಸಲ ಮೇ ತಿಂಗಳಲ್ಲೇ ಮಳೆ ಹಿಡಿದು 24ಕ್ಕೆ ಮುಚ್ಚಿಹೋಯಿತು. ಆ ಅವಧಿ 155 ದಿನ. ಒಟ್ಟು 167.

ಒಂದು ವರ್ಷ 256, ಇನ್ನೊಂದು 167. ಗೆರೆ 210ಕ್ಕೆ. ಈಗೇನು ಮಾಡುವುದು?

ಮಳೆಲೆಕ್ಕ, ಬಾಗಲಕೋಟೆ

ಎರಡನ್ನು ಕೂಡಿಸಿ ಸರಾಸರಿ ತೆಗೆಯಬೇಡಿ, ಅದು ದೊಡ್ಡ ತಪ್ಪು. ಎರಡರ ಸರಾಸರಿ 211.5 ಬರುತ್ತದೆ, ಅರಿಡಿಕ್ ಅಂತ ಬರೆದುಬಿಡುವ ಆಸೆಯಾಗುತ್ತದೆ. 2023 ಬರದ ವರ್ಷ, ಅದು ಹೊರಗೆ. ಈ ಮೇ ತಿಂಗಳಂತೂ ರಾಜ್ಯದಲ್ಲೆಲ್ಲ ವಾಡಿಕೆಗಿಂತ ಎಷ್ಟೋ ಪಾಲು ಮಳೆ. ಆದರೆ ಒಂದು ತಿಂಗಳು ಮಿತಿ ದಾಟಿದ ಮಾತ್ರಕ್ಕೆ ವರ್ಷ ಕೆಡುವುದಿಲ್ಲ, ನಾಲ್ಕು ತಿಂಗಳವರೆಗೆ ರಿಯಾಯಿತಿ ಇದೆ. ನಿಮ್ಮ ತಾಲೂಕಿನ 30 ವರ್ಷದ ತಿಂಗಳ ಮಳೆ ಪಟ್ಟಿ ಸಿಕ್ಕರೆ ಇಲ್ಲಿ ಹಾಕಿ, 12 ತಿಂಗಳನ್ನೂ ನಾನೇ ಕೂತು ನೋಡುತ್ತೇನೆ. ಪಾಸಾದರೆ 167 ನಿಲ್ಲುತ್ತದೆ, ಟಿಪಿಕ್ ಕಡೆಗೆ ವಾಲುತ್ತದೆ. ಅದೂ ಒಂದೇ ವರ್ಷದ ಸಾಕ್ಷಿ ಅಂತ ಪಕ್ಕದಲ್ಲಿ ಬರೆಯಬೇಕು.

ಗುಂಡಿ ಇಳಿದವ

ಒಪ್ಪಿದೆ. ಸದ್ಯಕ್ಕೆ ಹೀಗೆ ಬರೆದಿಡಿ: "ಅತಿ ನಯವಾದ ಜೇಡಿ, ಸ್ಮೆಕ್ಟೈಟ್, ಐಸೊಹೈಪರ್‌ಥರ್ಮಿಕ್, ಹ್ಯಾಪ್ಲಸ್ಟರ್ಟ್, ಉಪಗುಂಪು ತೀರ್ಮಾನವಾಗಿಲ್ಲ." ಅತಿ ನಯ ಅನ್ನಲು ಜೇಡಿ 60% ಮುಟ್ಟಬೇಕು, ನಿಮ್ಮ ಪದರಗಳ ತೂಕದ ಸರಾಸರಿಯನ್ನು ಇನ್ನೊಮ್ಮೆ ನೋಡಿ. ಸ್ಮೆಕ್ಟೈಟ್ ಅನ್ನುವುದು ಸದ್ಯಕ್ಕೆ ಬಸಾಲ್ಟ್ ಸೀಮೆಯ ತಿಳಿವಳಿಕೆಯಿಂದ, ಎಕ್ಸ್‌ರೇ ಪರೀಕ್ಷೆ ಆದರೆ ಗಟ್ಟಿಯಾಗುತ್ತದೆ. ಎಣಿಸುವ ಜಾಗ ಹಾಗೇ ಬಿಡಿ. ಅಲ್ಲಿಗೆ ಕಾಲುವೆ ನೀರು ಹಾಯಿಸಬೇಡಿ, ನಿಯಮ ಕೇಳುವುದು ನೀರಾವರಿ ಇಲ್ಲದ ಮಣ್ಣಿನ ಬಿರುಕನ್ನು.

ಎರೆಹೊಲ, ವಿಜಯಪುರ

ಮಳೆ ಪಟ್ಟಿಗೆ ಸೋಮವಾರ ತಾಲೂಕಿಗೆ ಹೋಗುತ್ತೇನೆ. ಆ ಹತ್ತು ಹೆಜ್ಜೆ ಜಾಗಕ್ಕೆ ಸುತ್ತ ಕಲ್ಲು ನೆಟ್ಟಾಯಿತು. ಮಗಳು ಹೊಸ ಕ್ಯಾಲೆಂಡರಿನಲ್ಲಿ ಜೂನ್ 1ಕ್ಕೆ "ಮುಚ್ಚಿದೆ" ಅಂತ ಬರೆದಿದ್ದಾಳೆ.